ಲಕ್ವ ಹೊಡೆದವರ ಡಿಸ್ಚಾರ್ಜ್ ಕಾರ್ಡ್: ಏನೇನು ಬರೆದಿರಬೇಕು?

ಲಕ್ವ ಹೊಡೆದ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಮನೆಯವರ ಗಮನವೆಲ್ಲ ಔಷಧ, ಪಥ್ಯ, ವ್ಯಾಯಾಮಗಳ ಕಡೆಗೆ ಇರುತ್ತದೆ. ಅದು ಸರಿಯೇ. ಆದರೆ ಬಿಡುಗಡೆಯ ದಿನ ಕೊಟ್ಟ ಡಿಸ್ಚಾರ್ಜ್ ಕಾರ್ಡನ್ನು ಓದಿಸಿ ತಿಳಿದುಕೊಳ್ಳುವವರು ಕಡಿಮೆ. ಬಿಲ್ಲುಗಳ ಜೊತೆಗೆ ಅದೂ ಚೀಲ ಸೇರುತ್ತದೆ. ಮುಂದಿನ ಚಿಕಿತ್ಸೆ, ವಿಮೆ, ಅಂಗವಿಕಲತೆಯ ಪ್ರಮಾಣಪತ್ರ ಈ ಮೂರಕ್ಕೂ ಆ ಕಾಗದವೇ ಆಧಾರ.

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳ ಜನರಿಗಂತೂ ಇದು ಇನ್ನೂ ಮುಖ್ಯ. ಇಲ್ಲಿಯ ರೋಗಿ ಮೊದಲು ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಹಾವೇರಿಗೆ ಇಲ್ಲವೆ ಹುಬ್ಬಳ್ಳಿಗೆ ಹೋಗುತ್ತಾನೆ. ಹಿರೇಕೆರೂರ ಕಡೆಯವರು ದಾವಣಗೆರೆ, ಶಿವಮೊಗ್ಗಕ್ಕೂ ಹೋಗುವುದುಂಟು. ಮರಳಿ ಬಂದಮೇಲೆ ಬಿ.ಪಿ. ನೋಡುವವರು ಊರಿನ ವೈದ್ಯರು. ಒಬ್ಬನೇ ರೋಗಿಯನ್ನು ಇಷ್ಟು ಜನ ನೋಡುವಾಗ ಹಿಂದಿನವರು ಕಂಡದ್ದನ್ನು ಮುಂದಿನವರಿಗೆ ತಿಳಿಸುವುದು ಈ ಕಾರ್ಡ್ ಮಾತ್ರ.

ಹೆಪ್ಪೋ, ರಕ್ತಸ್ರಾವವೋ?

ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೂ ಲಕ್ವ ಹೊಡೆಯುತ್ತದೆ, ರಕ್ತನಾಳ ಒಡೆದು ಸ್ರಾವವಾದರೂ ಹೊಡೆಯುತ್ತದೆ. ಹೊರಗೆ ನೋಡುವವರಿಗೆ ಎರಡೂ ಒಂದೇ: ಒಂದು ಕೈ, ಒಂದು ಕಾಲು ಸೋತಿರುತ್ತದೆ, ಬಾಯಿ ಸೊಟ್ಟಾಗಿರುತ್ತದೆ. ಸಿಟಿ ಸ್ಕ್ಯಾನ್ ಮಾಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಹೆಪ್ಪಿನಿಂದ ಆದದ್ದಾದರೆ ಸಾಮಾನ್ಯವಾಗಿ ಆಸ್ಪಿರಿನ್‌ನಂಥ ಮಾತ್ರೆ ಮುಂದುವರಿಯುತ್ತದೆ. ಸ್ರಾವದಿಂದ ಆದವರಿಗೆ ಅದೇ ಮಾತ್ರೆ ಅಪಾಯ ತರಬಹುದು. ಕಾರ್ಡಿನಲ್ಲಿ ಬರೀ ‘ಸಿವಿಎ’ ಎಂದು ಗೀಚಿದ್ದರೆ ಊರಿನ ವೈದ್ಯರಿಗೆ ಯಾವುದೆಂದು ತಿಳಿಯದು. ಪಕ್ಕದ ಮನೆಯ ಲಕ್ವದ ರೋಗಿ ನುಂಗುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸುವುದೂ ಇದೇ ಕಾರಣಕ್ಕೆ ತಪ್ಪು.

ಎಡ–ಬಲದ ಗೊಂದಲ

ಮೆದುಳಿನ ಎಡಭಾಗ ದೇಹದ ಬಲಭಾಗವನ್ನು, ಬಲಭಾಗ ಎಡಭಾಗವನ್ನು ನಡೆಸುತ್ತದೆ. ಆದ್ದರಿಂದ ಕಾರ್ಡಿನಲ್ಲಿ ‘ಎಡ ಎಂಸಿಎ ಇನ್‌ಫಾರ್ಕ್ಟ್’ ಎಂದಿದ್ದು, ರೋಗಿಯ ಬಲಗೈ ಸೋತಿದ್ದರೆ ಗಾಬರಿಯಾಗಬೇಡಿ. ಮೊದಲನೆಯದು ಮೆದುಳಿನ ಮಾತು, ಎರಡನೆಯದು ಕೈಯ ಮಾತು. ಕಾರ್ಡಿನಲ್ಲಿ ಎರಡೂ ಬೇರೆ ಬೇರೆಯಾಗಿ ಇರಬೇಕು. ರೋಗಿ ಬಲಗೈಯವನೋ ಎಡಚನೋ ಎಂಬುದನ್ನೂ ಬರೆಸಿ. ರೂಢಿಯ ಕೈ ಸೋತರೆ ಉಣ್ಣುವುದು, ಸಹಿ ಮಾಡುವುದು, ಕುಡುಗೋಲು ಹಿಡಿಯುವುದು ಎಲ್ಲಕ್ಕೂ ತೊಂದರೆ.

ಶಕ್ತಿಯ ಅಳತೆ

‘ಹೆಮಿಪ್ಲೀಜಿಯ’ ಎಂದರೆ ಒಂದು ಪಾರ್ಶ್ವ ಪೂರ್ತಿ ಸೋತಿದೆ ಎಂದು, ‘ಹೆಮಿಪರೆಸಿಸ್’ ಎಂದರೆ ನಿಶ್ಶಕ್ತಿಯಾಗಿದೆ ಎಂದು. ವೈದ್ಯರು ಇದನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. 0 ಎಂದರೆ ಸ್ನಾಯು ಅಲುಗಾಡುವುದೇ ಇಲ್ಲ. 3 ಎಂದರೆ ಕೈಯನ್ನು ತಾನಾಗಿ ಮೇಲೆತ್ತಬಲ್ಲ, ಆದರೆ ಒತ್ತಿ ಹಿಡಿದರೆ ಎತ್ತಲಾರ. 5 ಎಂದರೆ ಸಹಜ ಶಕ್ತಿ. ಬಿಡುಗಡೆಯ ದಿನ ಕೈಗೆಷ್ಟು, ಕಾಲಿಗೆಷ್ಟು ಎಂಬುದು ಕಾರ್ಡಿನಲ್ಲಿರಬೇಕು. ಮೂರು ತಿಂಗಳ ವ್ಯಾಯಾಮದಿಂದ ಏನು ಗುಣವಾಯಿತೆಂದು ಹೇಳಲು ಇದೇ ಅಳತೆ. ಮತ್ತೊಮ್ಮೆ ಲಕ್ವ ಹೊಡೆದಾಗ ಹಳೆಯ ಸೋಲು ಯಾವುದು, ಹೊಸದು ಯಾವುದು ಎಂದು ಗುರುತಿಸಲೂ ಇದೇ ಬೇಕು.

ಆ ಸಂಕೇತ ಸಂಖ್ಯೆಗಳೇನು?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಪ್ರತಿ ರೋಗಕ್ಕೂ ಒಂದು ಸಂಖ್ಯೆಯಿದೆ. ಹೆಪ್ಪಿನ ಲಕ್ವಕ್ಕೆ ಐ63, ಮೆದುಳಿನೊಳಗಿನ ರಕ್ತಸ್ರಾವಕ್ಕೆ ಐ61, ಯಾವುದೆಂದು ಹೇಳದಿದ್ದರೆ ಐ64. ಒಂದು ಪಾರ್ಶ್ವ ಸೋತದ್ದಕ್ಕೆ ಜಿ81, ಹಳೆಯ ಲಕ್ವದ ಉಳಿಕೆಗೆ ಐ69. ಸಂಖ್ಯೆ ಹಾಕುವ ಸಿಬ್ಬಂದಿ ವೈದ್ಯರು ಬರೆದದ್ದನ್ನಷ್ಟೇ ನೋಡಬಹುದು, ಊಹಿಸುವಂತಿಲ್ಲ. ಎರಡು ವರ್ಷದ ಹಿಂದಿನ ಲಕ್ವವನ್ನು ದಿನಾಂಕವಿಲ್ಲದೆ ಬರೆದರೆ ಅದು ಹೊಸ ಕಾಯಿಲೆಯಂತೆ ಕಾಣಬಹುದು. ಆಗ ವಿಮೆಯವರು ಪ್ರಶ್ನೆ ಎತ್ತುತ್ತಾರೆ, ಮನೆಯವರು ಅಲೆಯಬೇಕಾಗುತ್ತದೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016ರ ಪ್ರಕಾರ ಬಹಳಷ್ಟು ಸೌಲಭ್ಯಗಳಿಗೆ ಶೇ. 40ರಷ್ಟಾದರೂ ಅಂಗವಿಕಲತೆ ಇರಬೇಕು. ನರಸಂಬಂಧಿ ಕಾಯಿಲೆಗಳಲ್ಲಿ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಕಾಯಿಲೆ ಬಂದು ಆರು ತಿಂಗಳಾದಮೇಲೆ ಮಾಡುತ್ತಾರೆ. ಕಾಯಿಲೆ ಬಂದ ದಿನವೇ ಕಾಗದದಲ್ಲಿ ಇಲ್ಲದಿದ್ದರೆ ಆರು ತಿಂಗಳನ್ನು ಲೆಕ್ಕ ಹಾಕುವುದು ಹೇಗೆ?

ನೀವು ಮಾಡಬೇಕಾದದ್ದು

1. ಬಿಡುಗಡೆಗೆ ಮುನ್ನ ವೈದ್ಯರಿಂದ ಐದು ವಿಷಯ ಕೇಳಿ ಬರೆಸಿಕೊಳ್ಳಿ: ಲಕ್ವ ಹೊಡೆದ ದಿನ ಮತ್ತು ವೇಳೆ, ಹೆಪ್ಪೋ ಸ್ರಾವವೋ, ಸೋತ ಪಾರ್ಶ್ವ, ರೂಢಿಯ ಕೈ, ಕೈಕಾಲಿನ ಶಕ್ತಿ.

2. ತಪ್ಪು ಕಂಡರೆ ನೀವೇ ತಿದ್ದಬೇಡಿ. ಚಿಕಿತ್ಸೆ ಮಾಡಿದ ವೈದ್ಯರಿಂದಲೇ ತಿದ್ದಿಸಿ, ಸಹಿ ಮತ್ತು ದಿನಾಂಕ ಹಾಕಿಸಿ.

3. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ವೈದ್ಯರು ಇಟ್ಟಿರಬೇಕಾದ ಅವಧಿ ಮೂರು ವರ್ಷ. ಆದ್ದರಿಂದ ತಡಮಾಡದೆ ಒಂದು ಪ್ರತಿ ಪಡೆಯಿರಿ.

4. ಕಾರ್ಡ್, ಸ್ಕ್ಯಾನ್ ವರದಿ, ಈಗಿನ ಮಾತ್ರೆ ಚೀಟಿ ಒಂದೇ ಕಡತದಲ್ಲಿರಲಿ. ಅದು ಎಲ್ಲಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

5. ಮತ್ತೆ ಬಾಯಿ ಸೊಟ್ಟಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ನಾಟಿ ಔಷಧಕ್ಕೆಂದು ಕಾಯದೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಟ್ಟರೆ ಮಾತ್ರ ಉಪಯೋಗ. ರೋಗಿ ಕೊನೆಯದಾಗಿ ಸರಿಯಾಗಿದ್ದ ವೇಳೆಯನ್ನು ಗುರುತು ಮಾಡಿಕೊಳ್ಳಿ, ಕಡತವನ್ನು ಮರೆಯದೆ ಜೊತೆಗೆ ಒಯ್ಯಿರಿ.