ಮೂಲೆಯಿಂದ ಶುರು ಮಾಡು, ಮಗಳೇ

ಕಾರವಾರದಲ್ಲಿ ಆಫೀಸು ಬಿಟ್ಟು ಮನೆಗೆ ಬಂದ ಮೇಲೆ ಸಂಜೆ ಸರಿಯುವುದೇ ಇಲ್ಲ, ಕೌದಿ ಹೊಲಿಯುವುದನ್ನು ಕಲಿಯಬೇಕು, ಯಾವ ಬಟ್ಟೆ ಕೊಳ್ಳಲಿ ಅಜ್ಜಿ ಎಂದು ಕೇಳಿದ್ದೀಯ. ಏನೂ ಕೊಳ್ಳಬೇಡ. ಸೂಜಿ ಬೇಕು, ದಾರ ಬೇಕು, ಅಷ್ಟೇ. ಬಟ್ಟೆ ನಮ್ಮ ಮನೆಯಲ್ಲೇ ಇದೆ. ನಿನ್ನ ಅಮ್ಮ ಉಟ್ಟು ಮೆತ್ತಗಾದ ಇಳಕಲ್ ಸೀರೆ, ನಿನ್ನಜ್ಜನ ಧೋತರ, ನೀನು ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಚೂಡಿದಾರ, ಅಂಗಳದ ಮುಳ್ಳಿಗೆ ಸಿಕ್ಕಿ ಹರಿದ ಲುಂಗಿ, ಎಲ್ಲವನ್ನೂ ಒಂದು ಗಂಟು ಕಟ್ಟಿಟ್ಟಿದ್ದೇನೆ. ಬಂದಾಗ ಒಯ್ಯಿ.

ಗಂಟು ಬಿಚ್ಚಿದ ಕೂಡಲೇ ಕತ್ತರಿ ಹಿಡಿಯಬೇಡ. ಮೊದಲು ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಹಾಕಿ ಗಂಜಿ, ಕೊಳೆ ಹೋಗುವ ಹಾಗೆ ಒಗೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸು. ಬಣ್ಣ ಬಿಡುವ ಬಟ್ಟೆ ಅಲ್ಲೇ ಗೊತ್ತಾಗುತ್ತದೆ. ಅದನ್ನು ಬೇರೆ ಇಡು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಇಡೀ ಕೌದಿ ಕೆಂಪಾದೀತು. ಆಮೇಲೆ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಎಳೆದು ನೋಡು. ಚರ್ರೆಂದು ಹರಿದರೆ ಅದು ಅಡುಗೆಮನೆಯ ಒರೆಸುವ ಬಟ್ಟೆ. ಎಳೆತ ತಡೆದುಕೊಂಡರೆ ಕೌದಿಗೆ ಸರಿ. ನೂಲಿನ ಬಟ್ಟೆಯನ್ನೇ ಆರಿಸು. ನೈಲಾನು, ಪಾಲಿಯೆಸ್ಟರು ನೋಡಲು ಮಿರಮಿರ ಮಿಂಚುತ್ತವೆ, ಹೊದ್ದರೆ ಬೆವರು ಹೀರುವುದಿಲ್ಲ, ಹೊಲಿಯುವಾಗ ಬೆರಳಿನಡಿಯಲ್ಲಿ ಜಾರುತ್ತವೆ. ಜೀನ್ಸ್ ಬೇಡವೇ ಬೇಡ, ಕಲಿಯುವ ಕೈಗೆ ಅದು ಸೂಜಿ ಮುರಿಯುವ ಬಟ್ಟೆ. ದಬ್ಬಣವನ್ನೂ ತರಬೇಡ, ಅದು ಗೋಣಿಚೀಲಕ್ಕೆ. ಕಣ್ಣು ಸ್ವಲ್ಪ ದೊಡ್ಡದಿರುವ, ಮೈ ತೆಳ್ಳಗಿರುವ ಸೂಜಿ ಸಾಕು.

ಹೋಳಿ ಹುಣ್ಣಿಮೆ ಮುಗಿದು ಯುಗಾದಿ ಬರುವ ಈ ದಿನಗಳೇ ಕೌದಿಯ ಕಾಲ. ನಮ್ಮ ಹಳಿಯಾಳ, ಮುಂಡಗೋಡದ ಕಡೆ ಭತ್ತ ಮನೆಗೆ ಬಂದು ಗದ್ದೆ ಬರಿದಾಗಿರುತ್ತದೆ. ಕೂಲಿಯ ಹೆಣ್ಣುಮಕ್ಕಳಿಗೂ ಮಧ್ಯಾಹ್ನ ಒಂದಿಷ್ಟು ನೆರಳು ಸಿಗುತ್ತದೆ. ಈಗ ಹಿಡಿದರೆ ಮಿರುಗದ ಮಳೆಗೆ ಮುಂಚೆ ಮುಗಿಯುತ್ತದೆ. ನಿನಗಂತೂ ಈ ಲೆಕ್ಕ ಇನ್ನೂ ಮುಖ್ಯ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಕಡಲ ಗಾಳಿಯಲ್ಲಿ ಉಪ್ಪಿದೆ, ತೇವವಿದೆ. ಐದಾರು ಪದರದ ಬಟ್ಟೆಯನ್ನು ಆಷಾಢದಲ್ಲಿ ಒಗೆದರೆ ಅದು ಒಣಗುವುದಕ್ಕಿಂತ ಮೊದಲು ಮುಗ್ಗುಲು ಹಿಡಿಯುತ್ತದೆ. ಹೊಲಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡ. ಹಳೆ ಪಂಚೆಯಲ್ಲಿ ಸುತ್ತಿ ಗಾಳಿಯಾಡುವಲ್ಲಿ ಇಡು, ಮಳೆ ಹೊಳವಾದ ದಿನ ತೆಗೆದು ಹರವು.

ಇನ್ನು ಹೊಲಿಗೆ. ನಮ್ಮ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿ, ಅಂದರೆ ಅವರ ಕೌದಿ, ಹೊಲಿಯುವುದನ್ನು ನಾನು ಅವರ ಅಂಗಳದಲ್ಲಿ ಕೂತು ನೋಡಿದ್ದೇನೆ. ನೀನೂ ಅದೇ ಕ್ರಮ ಹಿಡಿ ಎನ್ನುತ್ತೇನೆ. ಪಟ್ಟಿ ಹಿಡಿದು ಅಳೆಯುವುದಿಲ್ಲ, ಸೀಮೆಸುಣ್ಣದಿಂದ ಗೆರೆ ಹಾಕುವುದಿಲ್ಲ, ಚೌಕಟ್ಟಿಗೆ ಬಿಗಿಯುವುದೂ ಇಲ್ಲ. ಅಡಿಗೆ ಒಂದು ಹಳೆಯ ಸೀರೆ ಹಾಸಿಕೊಳ್ಳುತ್ತಾರೆ. ಒಂದು ಮೂಲೆಯಲ್ಲಿ ಮೊದಲ ತುಂಡು ಇಟ್ಟು, ಅದರ ಕತ್ತರಿಸಿದ ಅಂಚನ್ನು ಉಗುರಿನಿಂದ ಒತ್ತಿ ಒಳಗೆ ಮಡಚಿ, ಅಂಚಿನಗುಂಟ ಹೊಲಿಯುತ್ತ ಹೊರಡುತ್ತಾರೆ. ಆ ತುಂಡು ಮುಗಿಯುವಲ್ಲಿ ಇನ್ನೊಂದು, ಅದರ ಮಗ್ಗುಲಿಗೆ ಮತ್ತೊಂದು. ನಾಲ್ಕೂ ಬದಿ ಒಂದು ಸುತ್ತು ಬಂದ ಮೇಲೆ ಒಳಗಿನ ಸುತ್ತು, ಆಮೇಲೆ ಅದರ ಒಳಗಿನದು. ಹೀಗೆ ಅಂಚಿನಿಂದ ನಡುವಿಗೆ ಸರಿಯುತ್ತ ಬರುವುದು. ತುಂಡು ಕೂಡಿಸುವ ಹೊಲಿಗೆ ಬೇರೆ, ಪದರ ಹಿಡಿಸುವ ಹೊಲಿಗೆ ಬೇರೆ ಅಂತಿಲ್ಲ. ಸೂಜಿ ಒಂದೇ ಸಲ ಎಲ್ಲ ಪದರಗಳನ್ನೂ ದಾಟಿ ಹೋಗಿ ಬರುತ್ತದೆ. ಮುಗಿದ ಕೌದಿಯನ್ನು ಮಗುಚಿ ನೋಡಿದರೆ ಹಿಂಬದಿಯ ಸೀರೆಯ ಮೇಲೆ ಒಂದರೊಳಗೊಂದು ಚೌಕಗಳು ಕಾಣುತ್ತವೆ. ಹೊಲಿದವಳ ಕೈ ಎಲ್ಲಿ ತುಸು ವಾಲಿತು, ಎಲ್ಲಿ ನೆಟ್ಟಗಾಯಿತು ಎಂಬುದೂ ಅಲ್ಲಿ ಕಾಣುತ್ತದೆ.

ದಾರ ಮೊಳಕ್ಕಿಂತ ಸ್ವಲ್ಪ ಉದ್ದ ಇರಲಿ. ಪದೇ ಪದೇ ಪೋಣಿಸುವ ಬೇಸರಕ್ಕೆ ಮಾರುದ್ದ ತೆಗೆದರೆ ಸಿಕ್ಕಾಗಿ ನಿನ್ನ ಹೊತ್ತನ್ನೇ ತಿನ್ನುತ್ತದೆ. ಹೊಲಿಗೆ ಭತ್ತದ ಕಾಳಿನಷ್ಟಿರಲಿ, ನಡುವಿನ ಬಿಡುವೂ ಅಷ್ಟೇ. ಮೊದಲ ಎರಡು ದಿನ ಅದು ಒಮ್ಮೆ ಉದ್ದ, ಒಮ್ಮೆ ಗಿಡ್ಡ ಬರುತ್ತದೆ. ಬಿಚ್ಚಬೇಡ. ಕೈಗೆ ತಾಳ ಸಿಕ್ಕಿದ ಮೇಲೆ ತಾನಾಗಿ ಸಮವಾಗುತ್ತದೆ. ಆ ಮೊದಲಿನ ಸಾಲುಗಳು ಅಲ್ಲಿಯೇ ಇರಬೇಕು. ಮೊದಲಿಗೇ ಹಾಸಿಗೆಯಷ್ಟು ದೊಡ್ಡದಕ್ಕೆ ಕೈಹಾಕದೆ ಕೂಸಿನ ಕೌದಿ ಮಾಡು, ಎರಡು ಅಡಿ ಅಗಲ, ಮೂರು ಅಡಿ ಉದ್ದ. ಯಾರ ಮನೆಯಲ್ಲಾದರೂ ಒಂದು ಕೂಸು ಹುಟ್ಟೇ ಹುಟ್ಟುತ್ತದೆ.

ಮೂಲೆಗಳನ್ನು ಮರೆಯಬೇಡ. ಸಿದ್ದಿಯರು ನಾಲ್ಕು ಮೂಲೆಗೂ ಫುಲಾ ಇಡುತ್ತಾರೆ. ಪುಟ್ಟ ಚೌಕ ತುಂಡುಗಳನ್ನು ಮಡಚಿ ತ್ರಿಕೋನ ಮಾಡಿ, ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಇಟ್ಟು, ಪ್ರತಿ ಬಣ್ಣದ ಅಂಚೂ ಇಷ್ಟಿಷ್ಟು ಇಣುಕುವ ಹಾಗೆ ಹೊಲಿಯುವುದು. ಚಳಿ ತಡೆಯುವುದಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಆದರೂ ಫುಲಾ ಇಲ್ಲದ ಕವಂದಿ ಅವರ ಪಾಲಿಗೆ ಬತ್ತಲೆ. ಹಗಲೆಲ್ಲ ಕೂಲಿ ಮಾಡಿ ಬಂದ ಹೆಣ್ಣುಮಗಳು ಆ ಮೂಲೆಗಾಗಿ ಹಳದಿ, ಹಸಿರು, ಕೆಂಪು ಚೂರುಗಳನ್ನು ಆರಿಸುತ್ತ ಕೂರುವುದನ್ನು ನೋಡಿದರೆ, ಬಡವರಿಗೆ ಚೆಂದ ಬೇಕಾಗಿಲ್ಲ ಎನ್ನುವವರ ಮೇಲೆ ನನಗೆ ಸಿಟ್ಟೇ ಬರುತ್ತದೆ.

ಸಿದ್ದಿಯರ ಬಗ್ಗೆ ತಿಳಿಯದೆ ಅವರ ಹೊಲಿಗೆಯನ್ನಷ್ಟೇ ಕಲಿಯುವುದು ಸರಿಯಲ್ಲ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ ಗುಲಾಮರ ಮಕ್ಕಳು ಮೊಮ್ಮಕ್ಕಳು ಅವರು. ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಹೊಕ್ಕು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಸುತ್ತ ನೆಲೆ ನಿಂತರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೆಲವು ಕೌದಿಗಳ ಮೇಲೆ ಶಿಲುಬೆ ಕಾಣುತ್ತದೆ, ಕೆಲವುದರ ಮೇಲೆ ಅರ್ಧಚಂದ್ರ, ಅಂಚಿನಿಂದ ನಡುವಿಗೆ ಬರುವ ಹೊಲಿಗೆ ಮಾತ್ರ ಒಂದೇ. ಇಷ್ಟು ಕಾಲ ಈ ಮಣ್ಣಿನಲ್ಲಿ ದುಡಿದವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಅವರ ಸಮುದಾಯದಿಂದ ಮೊದಲ ಬಾರಿಗೆ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿನಲ್ಲಿ ಕೂತದ್ದು 2020ರಲ್ಲಿ.

ಅವರ ಕೌದಿಗಳ ಬೆಲೆಯನ್ನು ನಮಗಿಂತ ಮೊದಲು ದೂರದವರು ಕಂಡರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇಲ್ಲಿಗೆ ಬಂದು ಈ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಶೋಂಬರ್ಗ್ ಕೇಂದ್ರದಲ್ಲಿ ನಮ್ಮ ಜಿಲ್ಲೆಯ ಕೌದಿಗಳು ಗೋಡೆಗೇರಿದವು. ಅದೇ ಅಮೆರಿಕದ ಅಲಬಾಮಾದಲ್ಲಿ, ನದಿ ತಿರುಗುವ ಜಾಗದಲ್ಲಿ, ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳೂ ಗುಲಾಮರ ಸಂತತಿ, ಅವರೂ ಹೊಲದಲ್ಲಿ ಸವೆದ ಬಟ್ಟೆಯಿಂದಲೇ ಕೌದಿ ಹೊಲಿಯುತ್ತ ಬಂದವರು. ಆ ಕೌದಿಗಳು 2002ರಲ್ಲಿ ದೊಡ್ಡ ಕಲಾ ಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಕಡಲ ಆಚೆಗೂ ಈಚೆಗೂ ಒಂದೇ ಖಂಡದಿಂದ ಕಿತ್ತು ತಂದವರ ಮೊಮ್ಮಕ್ಕಳು, ಒಬ್ಬರನ್ನೊಬ್ಬರು ನೋಡದೆ, ಹರಿದ ಬಟ್ಟೆಗೆ ಬಣ್ಣದ ಲಯ ಕೊಟ್ಟರಲ್ಲ ಎಂದು ಯೋಚಿಸುವಾಗ ನನಗೆ ಮೈ ಜುಂ ಎನ್ನುತ್ತದೆ.

ಹರಕನ್ನು ಕೂಡಿಸುವ ಕೆಲಸ ನಮ್ಮ ಸೀಮೆಯಲ್ಲಿ ಸಿದ್ದಿಯರದೊಂದೇ ಅಲ್ಲ. ನಾನು ಸಣ್ಣವಳಿದ್ದಾಗ ಧಾರವಾಡದ ಕಡೆಯಿಂದ ಕೌದಿ ಹೊಲಿಯುವ ಹೆಂಗಸರು ಬಂದು ಕಟ್ಟೆಯ ಮೇಲೆ ಕೂತು, ಮನೆಯವರು ಕೊಟ್ಟ ಹಳೆ ಬಟ್ಟೆಯಲ್ಲಿ ಹೊಲಿದುಕೊಟ್ಟು, ಕಾಳು, ರೊಟ್ಟಿ, ದುಡ್ಡು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ನನ್ನ ಅತ್ತೆ ಕೌದಿಯ ನಡುವೆ ಕೊನೆಯ ಸುತ್ತು ಮುಚ್ಚುವ ಮೊದಲು ರೊಟ್ಟಿಯ ಒಂದು ಚೂರು ಇಡಿಸುತ್ತಿದ್ದರು. ಕೌದಿಯ ಹೊಟ್ಟೆ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು ಎಂದು. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರ ಮಠಗಳಿಗೆ ಹೋದಾಗ ಭಿಕ್ಷುಗಳು ಹೊದೆಯುವ ಹಳದಿ ವಸ್ತ್ರವನ್ನು ಹತ್ತಿರದಿಂದ ನೋಡು. ತುಂಡುಗಳನ್ನು ಕೂಡಿಸಿ ಹೊಲಿದದ್ದು. ಬುದ್ಧನ ಕಾಲದಿಂದ ಬಂದ ನಿಯಮ ಅದು.

ಈಗ ನಿನ್ನ ಸಂಜೆಯ ಮಾತು. ಹೊತ್ತು ಹೋಗುವುದಿಲ್ಲ ಎನ್ನುತ್ತೀಯ. ಮಗಳೇ, ಹೊತ್ತು ಎಲ್ಲರಿಗೂ ಹೋಗುತ್ತದೆ, ನಿನಗೆ ಬೇಕಾದದ್ದು ಅದು ಎಲ್ಲಿ ಹೋಯಿತೆಂದು ಕಣ್ಣಿಗೆ ಕಾಣುವುದು. ಫೋನನ್ನು ಒಳಕೋಣೆಯಲ್ಲಿಟ್ಟು ಜಗುಲಿಯಲ್ಲಿ ಕೂರು. ಬೆಳಕಿರುವಷ್ಟು ಹೊತ್ತು ಒಂದು ಬದಿ ಹೊಲಿ, ಕತ್ತಲಾದ ಕೂಡಲೇ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏಳು. ವಿದ್ಯುತ್ ದೀಪದಡಿ ಕಣ್ಣು ಕೆಡಿಸಿಕೊಳ್ಳುವ ಅವಸರ ಬೇಡ. ನಡುವೆ ನಾಲ್ಕು ದಿನ ಮುಟ್ಟದಿದ್ದರೂ ಕೌದಿ ಕೋಪಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯವರು ಬಂದು ಕೂತರೆ ಇನ್ನೊಂದು ಸೂಜಿ ಕೊಡು. ಎರಡು ಬದಿಯಿಂದ ಇಬ್ಬರು ಹೊಲಿದರೆ ಮಾತು ಸಲೀಸಾಗಿ ಬರುತ್ತದೆ. ಮುಖ ನೋಡಿ ಹೇಳಲಾಗದ ಕಷ್ಟವನ್ನು ಹೆಂಗಸರು ಹೊಲಿಗೆ ನೋಡುತ್ತ ಹೇಳಿಬಿಡುತ್ತಾರೆ. ನಿನ್ನ ಗಂಡನಿಗೂ ಸೂಜಿ ಪೋಣಿಸಲು ಬರುತ್ತದೆ, ಕೇಳು.

ಒಂದು ಕೌದಿ ಮುಗಿಸಿದ ಮೇಲೆ ನಿನಗೆ ಒಂದು ಲೆಕ್ಕ ತಿಳಿಯುತ್ತದೆ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಆ ಲೆಕ್ಕಕ್ಕಾಗಿ. ದಾಂಡೇಲಿಗೆ ಕಾಡು ನೋಡಲು, ಕಾಳಿ ನದಿಯಲ್ಲಿ ದೋಣಿ ಹಾಯಿಸಲು ಬರುವವರು ಕೌದಿ ಕಂಡರೆ ಚೆಂದ ಚೆಂದ ಎಂದು ಫೋಟೊ ಹೊಡೆದು, ಬೆಲೆ ಕೇಳಿ, ಹಳೆ ಬಟ್ಟೆಗೆ ಇಷ್ಟೇಕೆ ಎಂದು ಅರ್ಧಕ್ಕಿಳಿಸುವುದನ್ನು ನೋಡಿದ್ದೇನೆ. ಬಟ್ಟೆ ಹಳೆಯದು, ದಿನಗಳು ಹಳೆಯವಲ್ಲ. ಹಾಸಿಗೆಯಷ್ಟು ದೊಡ್ಡ ಕೌದಿಗೆ ಹದಿನೈದು ದಿನದ ಪೂರ್ತಿ ದುಡಿಮೆ ಎಂದಿಟ್ಟುಕೊ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಮಣ್ಣು ಹೊರುವ ಆ ಕೂಲಿಯ ದರದಲ್ಲೇ ಲೆಕ್ಕ ಹಾಕಿದರೂ 5550 ರೂಪಾಯಿ ಆಯಿತು. ಬಣ್ಣ ಕೂಡಿಸುವ ಕಣ್ಣಿಗೆ, ಫುಲಾ ಇಡುವ ಕೈಗೆ ಇನ್ನೂ ಏನೂ ಕೊಟ್ಟಿಲ್ಲ. ಎರಡು ಸಾವಿರಕ್ಕೆ ಕೊಂಡವರು ಒಬ್ಬ ಹೆಣ್ಣುಮಗಳ ಸುಮಾರು ಹತ್ತು ದಿನವನ್ನು ಪುಕ್ಕಟೆ ಒಯ್ದ ಹಾಗಾಯಿತು.

ಈಗ ಹೊರದೇಶಗಳಲ್ಲಿ ಎಷ್ಟೋ ಜನ ಈ ಕ್ರಮ ಕಲಿತು ತಮ್ಮ ಮನೆಗಳಲ್ಲಿ ಹೊಲಿಯುತ್ತಿದ್ದಾರೆ. ಒಳ್ಳೆಯದು, ಹೊಲಿಗೆಗೆ ಬೇಲಿ ಹಾಕಬಾರದು. ಆದರೆ ಕಲಿತವರು ಎಲ್ಲಿಂದ ಕಲಿತೆವೆಂದು ಹೇಳಬೇಕು. ನಿನ್ನ ಕೌದಿ ನೋಡಿ ಯಾರಾದರೂ ಹೊಗಳಿದರೆ, ಇದು ಹಳಿಯಾಳ ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕ್ರಮ ಎಂದು ಹೇಳು. ಸಂಕೋಚ ಬೇಡ, ಕಲಿತದ್ದರಿಂದ ಯಾರೂ ಸಣ್ಣವರಾಗುವುದಿಲ್ಲ.

ಯುಗಾದಿ ರಜೆಗೆ ಬಾ. ಗಂಟು ಒಯ್ಯುವ ಮೊದಲು ನಿನ್ನನ್ನು ಒಂದು ಸಿದ್ದಿ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರ ಪಕ್ಕದಲ್ಲಿ ಕೂತು ಮೂಲೆ ಮಡಚುವುದನ್ನು ನೋಡಿ ಕಲಿ. ಕಲಿಸಿದ್ದಕ್ಕೆ ಒಂದು ದಿನದ ಕೂಲಿ ಕೊಡು. ಕೌದಿ ಕೊಳ್ಳುವ ಮನಸ್ಸಾದರೆ ಅವರು ಹೇಳಿದ ಬೆಲೆಯನ್ನು ಎಣಿಸಿ, ಹೊಲಿದವಳ ಕೈಯಲ್ಲೇ ಇಡು. ಒಂದು ರೂಪಾಯಿಯನ್ನೂ ಇಳಿಸಿ ಕೇಳಬೇಡ.