ಗರ್ಭಕೋಶದ ಗೋಡೆಗಳು ಅಂಟಿಕೊಳ್ಳದಿರಲು

ಗರ್ಭಕೋಶದೊಳಗಿನ ಅಡ್ಡಪೊರೆಯನ್ನೋ ಗಡ್ಡೆಯನ್ನೋ ಯೋನಿಮಾರ್ಗದಿಂದಲೇ ತೆಗೆಸಿಕೊಂಡವರು ಹೊಟ್ಟೆಯ ಮೇಲೆ ಹೊಲಿಗೆಯಿಲ್ಲವೆಂದು ನಿಶ್ಚಿಂತರಾಗುವುದುಂಟು. ಆದರೆ ಒಳಗೆ ಎದುರುಬದುರು ಗೋಡೆಗಳು ತಾಗಿಕೊಂಡೇ ಇರುತ್ತವೆ. ಒಳಪೊರೆಯ ಬುಡಕ್ಕೆ ಪೆಟ್ಟಾಗಿದ್ದರೆ ಮಾಯುವಾಗ ಎರಡೂ ಬೆಸೆದುಕೊಳ್ಳಬಹುದು. ಎದುರುಬದುರಾಗಿದ್ದ ಗಡ್ಡೆಗಳನ್ನು ತೆಗೆದಲ್ಲಿ ಈ ಭಯ ಹೆಚ್ಚು. 1948ರಲ್ಲಿ ಇದನ್ನು ವಿವರಿಸಿದ ಜೋಸೆಫ್ ಆಶರ್‌ಮನ್ ಹೆಸರೇ ಈ ತೊಂದರೆಗಿದೆ. ಮುಟ್ಟು ಕಡಿಮೆಯಾಗುವುದು ಅಥವಾ ನಿಲ್ಲುವುದು, ಗರ್ಭ ಮತ್ತೆ ಮತ್ತೆ ಇಳಿದುಹೋಗುವುದು ಇದರ ಸೂಚನೆಗಳು.

ಗೋಡೆಗಳು ಸೇರದಂತೆ ವೈದ್ಯರು ಕೆಲವು ದಿನ ಪುಟ್ಟ ಬಲೂನು ಇಡುತ್ತಾರೆ, ಇಲ್ಲವೇ ಹಯಲುರಾನಿಕ್ ಆಮ್ಲದ ಜೆಲ್ ತುಂಬುತ್ತಾರೆ. ಈಸ್ಟ್ರೊಜೆನ್ ಮಾತ್ರೆಯ ಬಗ್ಗೆ ಅವರಲ್ಲೇ ಒಮ್ಮತವಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಒಂದೆರಡು ತಿಂಗಳಲ್ಲಿ ಹಿಸ್ಟರೋಸ್ಕೋಪ್ ನಳಿಕೆಯಿಂದ ಮತ್ತೊಮ್ಮೆ ಒಳಗೆ ನೋಡಿಸುವುದು. ಅಂಟು ಎಳೆಯದಾಗಿದ್ದರೆ ಬಿಡಿಸುವುದು ಸುಲಭ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಕೋಲಾರಕ್ಕೆ ಮತ್ತೆ ಬಸ್ಸು ಹತ್ತಬೇಕಲ್ಲ ಎಂದು ಇದನ್ನು ಬಿಡಬಾರದು. ಮುಂದೆ ಬಸಿರಾದಾಗ ಹಳೆಯ ಚೀಟಿ ತೋರಿಸಿ. ಅಂಟು ಬಿಡಿಸಿಕೊಂಡವರಲ್ಲಿ ಮಾಸು ಗೋಡೆಗೆ ಕಚ್ಚಿಕೊಳ್ಳುವ ಸಂಭವ ಹೆಚ್ಚು.