ಹಾಯಿದೋಣಿಯ ಪಂದ್ಯ: ಕಲಹವೂ ಸಂತೃಪ್ತಿಯೂ
(ಅಂತಿಮ ಬಿ. ಎ.)

ಆಟವೆಂದರೆ ದಣಿವನ್ನು ಕಳೆಯುವ ಸಾಧನವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ದಣಿವನ್ನೇ ಬೆಲೆಕೊಟ್ಟು ಕೊಳ್ಳುವ ಆಟವೂ ಒಂದುಂಟು. ಅದೇ ಸಾಗರದ ಮೇಲೆ ನಡೆಯುವ ಹಾಯಿದೋಣಿಯ ಪಂದ್ಯ. ‘ಯಾಟ್’ ಎಂದು ಕರೆಯುವ ಈ ದೋಣಿಗಳಲ್ಲಿ ದಾದಿಯರು, ಉಪಾಧ್ಯಾಯರು, ಲೆಕ್ಕಿಗರು, ಹೀಗೆ ಕಡಲಿನ ಕಸುಬಿಲ್ಲದ ಜನರು ತಮ್ಮ ಗಂಟಿನ ಹಣವನ್ನು ಖರ್ಚುಮಾಡಿ ವಾರಗಟ್ಟಲೆ ಒದ್ದೆ ಬಟ್ಟೆಯಲ್ಲಿ, ಅರೆನಿದ್ರೆಯಲ್ಲಿ ಸಾಗುತ್ತಾರೆ. ಅವರಿಗೆ ಸಂಬಳವಿಲ್ಲ. ಹಣದ ಬಹುಮಾನದ ಆಸೆಯೂ ಇಲ್ಲ. ಜತೆಯವರೊಡನೆ ಮನಸ್ತಾಪವಂತೂ ತಪ್ಪಿದ್ದಲ್ಲ. ಇಷ್ಟಾದರೂ ದಡ ಸೇರಿದವರಲ್ಲಿ ಎಷ್ಟೋ ಮಂದಿ ಮತ್ತೆ ಹೊರಡಲು ಹಾತೊರೆಯುತ್ತಾರೆ. ಜಗಳವೂ ತೃಪ್ತಿಯೂ ಒಂದೇ ದೋಣಿಯಲ್ಲಿ ಹೇಗೆ ವಾಸಿಸುತ್ತವೆ ಎಂಬುದನ್ನು ವಿಚಾರಿಸುವುದೇ ಈ ಕಿರುಲೇಖನದ ಉದ್ದೇಶ.

ನಾನು ಮೀನುಗಾರರ ಮನೆಯವನು; ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನು. ನಮ್ಮ ಕೇರಿಯಲ್ಲಿ ಆಟಕ್ಕೆಂದು ಕಡಲಿಗೆ ಇಳಿಯುವವರು ಯಾರೂ ಇಲ್ಲ. ಈ ಪಂದ್ಯಗಳ ವಿಷಯವನ್ನು ಮೊದಲು ಓದಿದಾಗ ನನಗೆ ನಗುವೂ ಬಂದಿತು, ತುಸು ಕೋಪವೂ ಬಂದಿತು. ಆದರೆ ಓದುತ್ತ ಹೋದಂತೆ ಒಂದು ಪ್ರಶ್ನೆ ಬಿಡದೆ ಕಾಡತೊಡಗಿತು. ಹೊಟ್ಟೆಪಾಡಿನ ಬಂಧನವಿಲ್ಲದ ಕಡೆ ಮನುಷ್ಯರನ್ನು ಒಟ್ಟಿಗೆ ಹಿಡಿದಿಡುವ ವಸ್ತು ಯಾವುದು? ಇದು ದೋಣಿಯ ಪ್ರಶ್ನೆ ಮಾತ್ರವಲ್ಲ, ಸಮಾಜಶಾಸ್ತ್ರದ ಪ್ರಶ್ನೆಯೂ ಹೌದು.

ಈ ಆಟದ ಮೂಲ ಅರಮನೆಯಲ್ಲಿದೆ. 1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನೂ ಅವನ ತಮ್ಮ ಜೇಮ್ಸನೂ ನೂರು ಪೌಂಡು ಪಣ ಕಟ್ಟಿ ಥೇಮ್ಸ್ ನದಿಯಲ್ಲಿ ಗ್ರೀನಿಚ್‌ನಿಂದ ಗ್ರೇವ್ಸೆಂಡಿಗೂ ಅಲ್ಲಿಂದ ಮರಳಿ ಗ್ರೀನಿಚ್‌ಗೂ ದೋಣಿ ಓಡಿಸಿದರು. ಮುಂದೆ ಶ್ರೀಮಂತರು ದೋಣಿ ಕಟ್ಟಿಸುವುದು, ಕೂಲಿಯ ಆಳುಗಳು ಅದನ್ನು ನಡೆಸುವುದು ವಾಡಿಕೆಯಾಯಿತು. 1895ರಲ್ಲಿ ‘ಅಮೆರಿಕಾ ಕಪ್’ ಪಂದ್ಯದ ‘ಡಿಫೆಂಡರ್’ ದೋಣಿಗೆ ಮೇನ್ ಪ್ರಾಂತದ ಡೀರ್ ಐಲ್ ಎಂಬ ದ್ವೀಪದ ಮೀನುಗಾರರನ್ನು ಕೂಲಿಗೆ ತಂದಿದ್ದರು. ದುಡಿಮೆ ಕಡಲ ಮಕ್ಕಳದು, ಹೆಸರು ಒಡೆಯರದು! ಒಡೆಯರು ತಾವೇ ಹಗ್ಗ ಹಿಡಿಯಬೇಕೆಂಬ ಪಕ್ಷವೂ ಆ ಕಾಲಕ್ಕೇ ಹುಟ್ಟಿತ್ತು. ಹಾಗೆ ತಾವೇ ದೋಣಿ ನಡೆಸುವ ಹವ್ಯಾಸಿಗಳಿಗೆ ‘ಕೊರಿಂಥಿಯನ್’ ಎಂಬ ಹೆಸರು ಬಂದಿತು. ಆ ಹೆಸರಿನ ಸಂಘವೊಂದು ಇಂಗ್ಲೆಂಡಿನಲ್ಲಿ 1872ರಲ್ಲಿ ಸ್ಥಾಪಿತವಾಯಿತು.

ಹವ್ಯಾಸಿಗಳು ಭೂಮಂಡಲವನ್ನೇ ಸುತ್ತುವ ಪಂದ್ಯಕ್ಕೆ ಇಳಿದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. 1973ರ ಸೆಪ್ಟೆಂಬರಿನಲ್ಲಿ ಪೋರ್ಟ್ಸ್‌ಮೌತ್ ಬಂದರಿನಿಂದ ಮೊದಲನೆಯ ‘ವಿಟ್‌ಬ್ರೆಡ್’ ಪಂದ್ಯ ಹೊರಟಿತು. ಕೇಪ್‌ಟೌನ್, ಸಿಡ್ನಿ, ರಿಯೋ ಡಿ ಜನೈರೊ ಮಾರ್ಗವಾಗಿ ಮರಳಿ ಪೋರ್ಟ್ಸ್‌ಮೌತಿಗೆ ಬರುವ ದಾರಿ ಅದು. ಪ್ರಥಮ ಸ್ಥಾನ ದೊರೆತದ್ದು ಮೆಕ್ಸಿಕೋದ ‘ಸಯೂಲ 2’ ದೋಣಿಗೆ. ಅದರ ಒಡೆಯ ರಮೋನ್ ಕಾರ್ಲಿನ್ ಬಟ್ಟೆ ಒಗೆಯುವ ಯಂತ್ರಗಳ ತಯಾರಕ. ಸಾಗರಪಂದ್ಯದ ಅನುಭವ ಆತನಿಗೆ ಅತ್ಯಲ್ಪ. ಅವನ ಮಗನೂ ಬಂಧುಗಳೂ ದೋಣಿಯಲ್ಲಿದ್ದರು. ಕೆಲವು ಹಂತಗಳಲ್ಲಿ ಹೆಂಡತಿಯೂ ಇದ್ದಳು. ದಕ್ಷಿಣ ಸಾಗರದಲ್ಲಿ ದೈತ್ಯ ಅಲೆಯೊಂದು ಆ ದೋಣಿಯನ್ನು ಮಗುಚಿಹಾಕಿತು, ಒಳಗಿದ್ದವರು ಗಾಯಗೊಂಡರು, ಆದರೂ ದೋಣಿ ಎದ್ದು ಮುಂದೆ ನಡೆಯಿತು. ಅದೇ ಪಂದ್ಯದಲ್ಲಿ ಚೇ ಬ್ಲೈತ್ ಎಂಬವನ ‘ಗ್ರೇಟ್ ಬ್ರಿಟನ್ 2’ ದೋಣಿಯನ್ನು ಪ್ಯಾರಾಟ್ರೂಪ್ ಸೈನಿಕರು ನಡೆಸಿದರು. ಎಲ್ಲರಿಗಿಂತ ಕಡಿಮೆ ಕಾಲದಲ್ಲಿ ಸುತ್ತಿಬಂದವರು ಅವರೇ. ಆದರೆ ದೋಣಿಯ ಗಾತ್ರ, ಆಕಾರಗಳಿಗೆ ತಕ್ಕಂತೆ ಕಾಲದ ರಿಯಾಯಿತಿ ಕೊಟ್ಟು ಲೆಕ್ಕ ಹಾಕಿದಾಗ ಜಯ ಕಾರ್ಲಿನನ ಕುಟುಂಬಕ್ಕೆ ಸಂದಿತು. ಸೈನ್ಯದ ಶಿಸ್ತೊಂದೇ ಗೆಲುವಿನ ದಾರಿಯಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಆ ಪಂದ್ಯದಲ್ಲಿ ಮೂವರು ನಾವಿಕರು ಸಮುದ್ರದ ಪಾಲಾದರೆಂಬುದನ್ನೂ ಮರೆಯಬಾರದು.

ಇದೇ ಚೇ ಬ್ಲೈತ್ 1992ರಲ್ಲಿ ಹೊಸದೊಂದು ಪ್ರಯೋಗವನ್ನು ಮಾಡಿದನು. ಒಂದೇ ಅಚ್ಚಿನ ಹತ್ತು ಉಕ್ಕಿನ ದೋಣಿಗಳು; ಒಂದೊಂದಕ್ಕೂ ಒಬ್ಬ ಅನುಭವಿ ನಾಯಕ; ಉಳಿದವರೆಲ್ಲ ಹಣ ಕೊಟ್ಟು ಬಂದ ಹವ್ಯಾಸಿಗಳು; ದಾರಿ ಗಾಳಿಗೆ ಎದುರಾಗಿ, ಪಶ್ಚಿಮಾಭಿಮುಖವಾಗಿ. ಅನಂತರ ರಾಬಿನ್ ನಾಕ್ಸ್-ಜಾನ್ಸ್ಟನ್ ಇನ್ನೊಂದು ಪಂದ್ಯವನ್ನು ಆರಂಭಿಸಿದನು. ಈತ 1968-69ರಲ್ಲಿ ಎಲ್ಲಿಯೂ ನಿಲ್ಲದೆ 312 ದಿನಗಳಲ್ಲಿ ಏಕಾಂಗಿಯಾಗಿ ಲೋಕವನ್ನು ಸುತ್ತಿದ ಮೊದಲಿಗ. ಅವನು ಏರಿದ್ದ ‘ಸುಹೇಲಿ’ಯನ್ನು ನಮ್ಮ ಮುಂಬಯಿಯಲ್ಲೇ ತೇಗದ ಮರದಿಂದ ಕಟ್ಟಿದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಅವನ ‘ಕ್ಲಿಪ್ಪರ್’ ಪಂದ್ಯ 1996ರಲ್ಲಿ ಮೊದಲು ನಡೆಯಿತು. ದಾರಿ ಸುಮಾರು 40,000 ನಾಟಿಕಲ್ ಮೈಲಿ. ಕಾಲ ಹತ್ತು ಹನ್ನೊಂದು ತಿಂಗಳು. ಹಿಂದೆ ಎಂದೂ ಹಾಯಿ ಹಿಡಿಯದವರೂ ಕಡ್ಡಾಯದ ತರಬೇತಿ ಪಡೆದು ಒಂದು ಹಂತಕ್ಕಾಗಲಿ ಇಡೀ ಯಾತ್ರೆಗಾಗಲಿ ಸೇರಬಹುದು.

ಇನ್ನು ದೋಣಿಯ ಒಳಗನ್ನು ನೋಡೋಣ. ಎಪ್ಪತ್ತು ಅಡಿ ಉದ್ದದ ದೋಣಿಯಲ್ಲಿ ಇಪ್ಪತ್ತರ ಆಸುಪಾಸು ಜನ. ಹಾಸಿಗೆಗಳು ತಲೆಗೊಂದರಂತೆ ಇರುವುದಿಲ್ಲ. ಪಾಳಿ ಮುಗಿಸಿ ಬಂದವನು ಆಗತಾನೆ ಎದ್ದುಹೋದವನ ಬಿಸಿ ಆರದ ಹಾಸಿಗೆಯಲ್ಲೇ ಒರಗಬೇಕು. ಹಗಲಿರುಳು ಕೆಲಸ ನಿಲ್ಲುವಂತಿಲ್ಲವಾದುದರಿಂದ ಜನರನ್ನು ಎರಡು ಪಾಳಿಗಳಾಗಿ ವಿಂಗಡಿಸುತ್ತಾರೆ. ನಾಲ್ಕು ಗಂಟೆಗೊಮ್ಮೆ ಪಾಳಿ ಬದಲಾದರೆ ದಿನಕ್ಕೆ ಆರು ಪಾಳಿ. ಆರು ಸಮಸಂಖ್ಯೆಯಾದುದರಿಂದ ನಡುರಾತ್ರಿಯ ಸರದಿ ನಿತ್ಯವೂ ಒಂದೇ ಗುಂಪಿನ ಪಾಲಿಗೆ ಬೀಳುತ್ತದೆ. ಇದನ್ನು ತಪ್ಪಿಸಲು ಹಳೆಯ ನಾವಿಕರು ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಎರಡಾಗಿ ಸೀಳಿ ಏಳು ಪಾಳಿ ಮಾಡಿದರು. ಅಂದಿನಿಂದ ಕಷ್ಟದ ಸರದಿ ದಿನ ಬಿಟ್ಟು ದಿನ ಕೈ ಬದಲಾಯಿಸುತ್ತದೆ. ನ್ಯಾಯವೆಂಬುದು ಕೆಲವೊಮ್ಮೆ ದೊಡ್ಡ ತತ್ತ್ವವಲ್ಲ, ಇಂತಹ ಒಂದು ಸಣ್ಣ ಲೆಕ್ಕ.

ಕಲಹದ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ದೇಹದ್ದು: ನಿದ್ರೆಗೇಡು, ಚಳಿ, ವಾಂತಿ, ಇಕ್ಕಟ್ಟು. ಪಾಳಿ ಬದಲಾಯಿಸಲು ಹತ್ತು ನಿಮಿಷ ತಡವಾಗಿ ಬಂದವನು ದಡದ ಮೇಲೆ ಕ್ಷಮಾರ್ಹನು. ದೋಣಿಯ ಮೇಲೆ ಅವನು ಇನ್ನೊಬ್ಬನ ನಿದ್ರೆಯನ್ನು ಕದ್ದ ಕಳ್ಳನು.

ಎರಡನೆಯದು ಉದ್ದೇಶಭೇದ. ನನ್ನ ಮಟ್ಟಿಗೆ ಇದೇ ಎಲ್ಲದರ ಬೇರು. ಕೆಲವರು ಗೆಲ್ಲಲು ಬಂದಿರುತ್ತಾರೆ, ಕೆಲವರು ಕಲಿಯಲು ಬಂದಿರುತ್ತಾರೆ. ಚುಕ್ಕಾಣಿಯನ್ನು ಸದಾ ನಿಪುಣನ ಕೈಯಲ್ಲೇ ಬಿಟ್ಟರೆ ದೋಣಿ ವೇಗವಾಗಿ ಓಡುತ್ತದೆ. ಆದರೆ ಅವನಷ್ಟೇ ಹಣ ಕೊಟ್ಟು ಬಂದವನು ಆಲೂಗಡ್ಡೆ ಸುಲಿಯುತ್ತ ಕುಳಿತಿರಬೇಕೇನು? ಎಲ್ಲರಿಗೂ ಸರದಿಯಂತೆ ಚುಕ್ಕಾಣಿ ಕೊಟ್ಟರೆ ಗೆಲ್ಲಬಂದವನು ಹಲ್ಲು ಕಡಿಯುತ್ತಾನೆ. ನಾಯಕನು ಒಂದೇ ಕಾಲಕ್ಕೆ ಸೇನಾಪತಿಯೂ ಆಗಬೇಕು, ಉಪಾಧ್ಯಾಯನೂ ಆಗಬೇಕು. ಈ ಎರಡು ಪಾತ್ರಗಳು ಹೊಂದುವುದು ಕಷ್ಟವೆಂಬುದನ್ನು ನಮ್ಮ ಅಧ್ಯಾಪಕರು ಬಲ್ಲರು.

ಮೂರನೆಯದು ಅಧಿಕಾರದ್ದು. ಕೂಲಿಯಾಳು ಮಾತು ಕೇಳದಿದ್ದರೆ ಕೂಲಿ ನಿಲ್ಲಿಸಬಹುದು. ಹಣ ಕೊಟ್ಟು ಬಂದವನನ್ನು ಏನು ಮಾಡಲಾದೀತು? ಒಂದೇ ದೋಣಿಯಲ್ಲಿ ಇಬ್ಬರು ನಾಯಕರಿದ್ದರಂತೂ ಕಷ್ಟ ಇಮ್ಮಡಿ. ಟ್ರೇಸಿ ಎಡ್ವರ್ಡ್ಸ್ ಎಂಬಾಕೆ 1985-86ರ ವಿಟ್‌ಬ್ರೆಡ್ ಪಂದ್ಯದಲ್ಲಿ ಅಡಿಗೆಯವಳಾಗಿ ಹೋಗಿದ್ದಳು. 1989ರ ಪಂದ್ಯಕ್ಕಾಗಿ ಆಕೆ ಮನೆಯನ್ನು ಒತ್ತೆಯಿಟ್ಟು, ಹಳೆಯ ದೋಣಿಯೊಂದನ್ನು ಕೊಂಡು, ಗೆಳತಿಯರೊಡನೆ ತಾನೇ ದುರಸ್ತಿ ಮಾಡಿ, ‘ಮೇಡನ್’ ಎಂಬ ಹೆಸರಿನಲ್ಲಿ ಸ್ತ್ರೀಯರದೇ ತಂಡವನ್ನು ಕಟ್ಟಿದಳು. ಪಂದ್ಯಕ್ಕೆ ಮುಂಚೆಯೇ ಆಕೆಗೂ ಅನುಭವದಲ್ಲಿ ತನಗಿಂತ ಹಿರಿಯಳಾದ ಸಹನಾಯಕಿಗೂ ಸರಿಬೀಳಲಿಲ್ಲ. ಹಿರಿಯಳು ದೋಣಿಯನ್ನು ಬಿಡಬೇಕಾಯಿತು. ದೋಣಿ ಮುಳುಗೀತೆಂದು ನಗಾಡಿದವರು ಬಹಳ. ಆದರೆ ಮೇಡನ್ ತನ್ನ ವರ್ಗದಲ್ಲಿ ಎರಡು ಹಂತಗಳನ್ನು ಗೆದ್ದು ಒಟ್ಟಿನಲ್ಲಿ ದ್ವಿತೀಯ ಸ್ಥಾನ ಪಡೆಯಿತು. ಜಗಳ ನಡೆಯಿತೆಂದು ತಂಡ ಕೆಟ್ಟಿತೆಂದಲ್ಲ. ಸಕಾಲದಲ್ಲಿ ಬಗೆಹರಿಯದ ಜಗಳವೇ ಕೇಡು.

ನಾಲ್ಕನೆಯದು ದೋಷಾರೋಪಣೆ. ದೋಣಿಗಳು ಬೇರೆ ಬೇರೆಯಾಗಿದ್ದಾಗ ಸೋತವರು ದೋಣಿಯನ್ನು ಬಯ್ಯಬಹುದಿತ್ತು. ಎಲ್ಲವೂ ಒಂದೇ ಅಚ್ಚಿನವಾದ ಮೇಲೆ ಆ ನೆಪ ಹೋಯಿತು. ಹಿಂದೆ ಬಿದ್ದರೆ ತಪ್ಪು ಮನುಷ್ಯರದೇ ಆಗಬೇಕು. ಆಗ ಬೆರಳುಗಳು ಪರಸ್ಪರರತ್ತ ಚಾಚುತ್ತವೆ. ಸಮಾನತೆ ನ್ಯಾಯವನ್ನು ತಂದಂತೆಯೇ ಕಹಿಯನ್ನೂ ತರುತ್ತದೆ.

ಮನಶ್ಶಾಸ್ತ್ರ ಈ ವಿಷಯದಲ್ಲಿ ನಮಗೆ ಬೆಳಕು ನೀಡುತ್ತದೆ. 1954ರಲ್ಲಿ ಮುಜಫರ್ ಶೆರಿಫ್ ಎಂಬ ಪಂಡಿತನು ಅಮೆರಿಕದ ಓಕ್ಲಹೋಮ ಪ್ರಾಂತದ ಶಿಬಿರವೊಂದರಲ್ಲಿ ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯಗಳಿಗೆ ಹಚ್ಚಿದನು. ಬೇಗನೆ ಅವರು ಹಗೆಗಳಾದರು. ಒಟ್ಟಿಗೆ ಕೂಡಿಸಿ ಊಟ ಹಾಕಿದರೂ ಹಗೆ ಇಳಿಯಲಿಲ್ಲ. ಆದರೆ ಶಿಬಿರದ ನೀರು ನಿಂತುಹೋದಾಗ, ಒಂದು ಗುಂಪಿನಿಂದ ಆಗದ ಕೆಲಸಕ್ಕೆ ಇಬ್ಬರೂ ಕೈ ಹಚ್ಚಬೇಕಾಗಿ ಬಂದಾಗ, ಅದು ಕ್ರಮೇಣ ಕರಗಿತು. ದೋಣಿಯಲ್ಲಿಯೂ ಹೀಗೆಯೇ. ಗಾಳಿ ಸತ್ತ ದಿನಗಳಲ್ಲಿ ಜಗಳ ಹೆಚ್ಚು. ಬಿರುಗಾಳಿ ಎದ್ದಾಗ ಎಲ್ಲ ಕೈಗಳೂ ಒಂದೇ ಹಗ್ಗದ ಮೇಲಿರುತ್ತವೆ. ಬೆಕ್ಟೆಲ್ ಮತ್ತು ಬರ್ನಿಂಗ್ ಎಂಬವರು 1991ರಲ್ಲಿ ಇನ್ನೊಂದು ವಿಚಾರವನ್ನು ಮುಂದಿಟ್ಟರು: ಲೋಕದಿಂದ ದೂರವಾಗಿ ಬಾಳುವ ಗುಂಪುಗಳಲ್ಲಿ ಉತ್ಸಾಹ ಕುಂದುವುದು ಅರ್ಧ ಅವಧಿ ಕಳೆದ ಮೇಲೆ, ಮೂರನೆಯ ಪಾದದಲ್ಲಿ ಎಂದು. ಎಲ್ಲ ಕಡೆಯೂ ಇದು ಹಾಗೆಯೇ ಕಂಡುಬಂದಿಲ್ಲ. ಆದರೂ ಆರಂಭದ ಹುರುಪು ಆರಿದ, ಮನೆ ಇನ್ನೂ ಕಾಣದ ಆ ನಡುವಣ ಕಾಲ ಕಠಿಣವೆಂಬುದು ಮೂರು ವರ್ಷದ ಪದವಿಗೆ ಓದುವವರಿಗೂ ಗೊತ್ತು!

ಪರಿಹಾರಗಳು ಸರಳವಾದವು. ಅಡಿಗೆ ಮತ್ತು ಶುಚಿಯ ಕೆಲಸ ಸರದಿಯಂತೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಅವರು ‘ತಾಯಿಯ ಪಾಳಿ’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ವೈದ್ಯನಿರಲಿ, ವ್ಯಾಪಾರಿಯಿರಲಿ, ಬಚ್ಚಲು ತೊಳೆಯಲೇಬೇಕು. ಗೆಲ್ಲಬೇಕೋ ಕಲಿಯಬೇಕೋ ಎಂಬುದನ್ನು ಹೊರಡುವ ಮೊದಲೇ ಬಾಯಿಬಿಟ್ಟು ಮಾತನಾಡಿಕೊಂಡ ತಂಡಕ್ಕೆ ಮುಂದೆ ಕಷ್ಟ ಕಡಿಮೆ. ಬಿರುಗಾಳಿಯಲ್ಲಿ ನಾಯಕನ ಮಾತಿಗೆ ಎದುರಾಡಬಾರದು. ಬಿರುಗಾಳಿ ಇಳಿದ ಮೇಲೆ ಪ್ರಶ್ನಿಸಲು ಎಲ್ಲರಿಗೂ ಅವಕಾಶವಿರಬೇಕು.

ಹಾಗಾದರೆ ತೃಪ್ತಿ ಎಲ್ಲಿದೆ? ಬರಿಯ ಗೆಲುವಿನಲ್ಲಿ ಅಲ್ಲ, ಗೆಲ್ಲುವವರು ಎಂದೂ ಕೆಲವರೇ. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞನು 1975ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕೆಲಸದ ಕಾಠಿಣ್ಯವೂ ಕೈಯ ನೈಪುಣ್ಯವೂ ಸಮನಾದಾಗ ಮನುಷ್ಯನು ತನ್ನನ್ನು ಮರೆತು ಅದರಲ್ಲೇ ಲೀನನಾಗುತ್ತಾನೆ, ಆಗ ಬೇರೆ ಪ್ರತಿಫಲ ಬೇಕಾಗುವುದಿಲ್ಲ ಎಂದು ತೋರಿಸಿದನು. ಕಲಿತ ಗಂಟನ್ನು ಕತ್ತಲಲ್ಲಿ ತಪ್ಪಿಲ್ಲದೆ ಹಾಕಿದವನ ಸುಖ ಇಂತಹುದು. ಇದಕ್ಕಿಂತಲೂ ದೊಡ್ಡದು ನಂಬಿಕೆಯ ಸುಖ. ಕೆಳಗೆ ಮಲಗಿದವನು ಮೇಲೆ ಚುಕ್ಕಾಣಿ ಹಿಡಿದವನಿಗೆ ತನ್ನ ಪ್ರಾಣವನ್ನೇ ಒಪ್ಪಿಸಿ ನಿದ್ರಿಸುತ್ತಾನೆ. ಆ ಚುಕ್ಕಾಣಿಯವನೇ ಮಧ್ಯಾಹ್ನ ಅವನೊಡನೆ ಚಹದ ಲೋಟದ ಸಲುವಾಗಿ ಕಾದಾಡಿದವನಾಗಿರಬಹುದು. ಪ್ರೀತಿಯಿಲ್ಲದವರನ್ನೂ ನಂಬಬಹುದೆಂಬ ಪಾಠ ಸಾಮಾನ್ಯವಾದುದಲ್ಲ.

ಒಂದು ಆಕ್ಷೇಪಣೆ ಉಳಿಯುತ್ತದೆ. ಇದು ಉಳ್ಳವರ ಆಟವಲ್ಲವೆ? ಹೌದು, ಬಹುಮಟ್ಟಿಗೆ ಉಳ್ಳವರದೇ. ಅಪಾಯವೂ ನಿಜ. 2015-16ರ ಕ್ಲಿಪ್ಪರ್ ಪಂದ್ಯದಲ್ಲಿ ಒಂದೇ ದೋಣಿಯ ಇಬ್ಬರು ಮಡಿದರು. 2017ರಲ್ಲಿ ಬೇರೊಂದು ದೋಣಿಯವರೊಬ್ಬರು. ಬೇಕೆಂದು ಕಡಲಿಗೆ ಹೋಗುವವನಿಗೂ ಬೇರೆ ದಾರಿಯಿಲ್ಲದೆ ಹೋಗುವವನಿಗೂ ಇರುವ ಅಂತರವನ್ನು ನಾನು ಮರೆಯಲಾರೆ. ನಮ್ಮ ಅಜ್ಜ ಹರೆಯದಲ್ಲಿ ರಂಪಣಿ ಬಲೆ ಎಳೆದವರು. ದಡದಲ್ಲಿ ಎರಡು ಸಾಲಾಗಿ ಹತ್ತಾರು ಮಂದಿ ನಿಂತು ಎಳೆಯಬೇಕಾದ ಬಲೆ ಅದು. ಸಿಕ್ಕಿದ್ದು ಪಾಲಾಗಿ ಹಂಚಿಕೆಯಾಗುತ್ತಿತ್ತು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಪಾಲಿನ ವಿಷಯಕ್ಕೆ ಜಗಳಗಳು ಆಗುತ್ತಿದ್ದವೆಂದು ಅಜ್ಜ ಮುಚ್ಚಿಡುವುದಿಲ್ಲ. ಆದರೆ ಈಗ ಅವರು ನೆನೆಯುವುದು ಬುಟ್ಟಿಗಳ ಲೆಕ್ಕವನ್ನಲ್ಲ, ಹಗ್ಗದಲ್ಲಿ ಯಾರ ಹಿಂದೆ ಯಾರು ನಿಲ್ಲುತ್ತಿದ್ದರೆಂಬುದನ್ನು. ಹೊಟ್ಟೆಪಾಡಿನ ಕೆಲಸದಲ್ಲಿಯೂ ಹೊಟ್ಟೆಗೆ ಮೀರಿದ ಏನೋ ಒಂದು ಇತ್ತೆಂದಾಯಿತು. ಉಳ್ಳವರು ಹಣ ತೆತ್ತು ಅರಸುವುದು ಅದನ್ನೇ ಎಂದು ತೋರುತ್ತದೆ.

ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎನ್ನುತ್ತಾರೆ ಹಿರಿಯರು. ಆ ಹತ್ತು ಜನ ಒಂದೇ ಸ್ವಭಾವದವರಾಗಿರಬೇಕೆಂದು ಅವರು ಹೇಳಿಲ್ಲ. ನಮ್ಮ ವಿದ್ಯಾರ್ಥಿಸಂಘಗಳಲ್ಲಿ, ನಾಟಕಗಳಲ್ಲಿ, ಸೇವಾಶಿಬಿರಗಳಲ್ಲಿ ನಾವೂ ಸಂಬಳವಿಲ್ಲದ ನಾವಿಕರೇ. ಗುಡಿಸುವ ಕೆಲಸ ಎಲ್ಲರಿಗೂ ಸರದಿಯಲ್ಲಿ ಬರಲಿ. ಚುಕ್ಕಾಣಿಯೂ ಎಲ್ಲರಿಗೂ ಒಮ್ಮೆಯಾದರೂ ಸಿಗಲಿ. ಇವೆರಡು ನಡೆದರೆ ಉಳಿದ ಜಗಳಗಳನ್ನು ನಾವು ಆಡಿ ಮುಗಿಸಿಕೊಳ್ಳಬಹುದು.